ಸಾಲ ತೀರದ ಫೋನು

‘ಅಣ್ಣಾ, ಈ ಲಾಕ್ ತೆಗೆದುಕೊಡಿ’ ಎಂದು ಸೆಕೆಂಡ್‌ಹ್ಯಾಂಡ್ ಫೋನ್ ಕೊಂಡ ಹುಡುಗರು ದಾವಣಗೆರೆಯ ನನ್ನ ರಿಪೇರಿ ಅಂಗಡಿಗೆ ಬರುತ್ತಾರೆ. ಪರದೆ ತುಂಬ ಕಂತು ಬಾಕಿಯ ಸಂದೇಶ. ಮಾರಿದವನ ನಂಬರ್ ಸ್ವಿಚ್ ಆಫ್. ಕಂತು ನಿಂತಾಗ ಸಾಲ ಕೊಟ್ಟವರು ದೂರದಿಂದಲೇ ಹಾಕಿದ ಬೀಗವದು. ಎಷ್ಟೋ ಫೋನ್‌ಗಳಲ್ಲಿ ರೀಸೆಟ್ ಮಾಡಿದರೂ ಹೋಗದು. ನಾನಂತೂ ಅದಕ್ಕೆ ಕೈ ಹಾಕುವುದಿಲ್ಲ.

ಬೈಕ್ ಮೇಲೆ ಸಾಲವಿದ್ದರೆ ಆರ್‌ಸಿಯಲ್ಲೇ ನಮೂದಾಗಿರುತ್ತದೆ. ಫೋನಿಗೆ ಅಂಥ ದಾಖಲೆಯಿಲ್ಲ. *#06# ಒತ್ತಿದಾಗ ಸಿಗುವ ಐಎಂಇಐ ಸಂಖ್ಯೆಯನ್ನು ದೂರಸಂಪರ್ಕ ಇಲಾಖೆಯ ಜಾಲತಾಣ ಸಂಚಾರ್ ಸಾಥಿಯಲ್ಲಿ ಹಾಕಿದರೆ ಕಳವಿನ ದೂರಿನಿಂದ ಬ್ಲಾಕ್ ಆಗಿದೆಯೇ ಎಂಬುದು ತಿಳಿಯುತ್ತದೆ, ಸಾಲ ತಿಳಿಯುವುದಿಲ್ಲ. ಹಾಗಾಗಿ ಬಿಲ್ ಜೊತೆ ಸಾಲ ತೀರಿದ ಎನ್‌ಒಸಿಯನ್ನೂ ಕೇಳಿ ಪಡೆಯಿರಿ. ಕೂಡಿಟ್ಟ ಕಾಸು ಕಳೆದುಕೊಳ್ಳುತ್ತಿರುವವರು ಬಡ ಮಕ್ಕಳು. ಸಂಚಾರ್ ಸಾಥಿಯಲ್ಲೇ ಸಾಲದ ಮಾಹಿತಿಯೂ ಕಾಣುವಂತೆ ಸರ್ಕಾರ ಕಡ್ಡಾಯ ಮಾಡಬೇಕು.