ಸೈಡ್ ಸ್ಟ್ಯಾಂಡಿನಲ್ಲಿ ನೋಡಿದರೆ ಬೈಕಿನ ಆಯಿಲ್ ಲೆವೆಲ್ ಸರಿಯಾಗಿ ಗೊತ್ತಾಗುತ್ತದೆಯೇ?

ಕುಂಸಿಯಿಂದ ಶಿವಮೊಗ್ಗಕ್ಕೆ ಸುಮಾರು 25 ಕಿಲೋಮೀಟರ್. ಕೆಲಸಕ್ಕೆಂದು ದಿನವೂ ಬೈಕಿನಲ್ಲಿ ಹೋಗಿ ಬರುವವರಿಗೆ ತಿಂಗಳಿಗೆ 1,200 ಕಿಲೋಮೀಟರ್ ಆಗಿಬಿಡುತ್ತದೆ. ಪೆಟ್ರೋಲ್ ಎಷ್ಟಿದೆಯೆಂದು ದಿನಾ ನೋಡುತ್ತೇವೆ. ಎಂಜಿನ್ ಆಯಿಲ್ ಮಾತ್ರ ಸರ್ವಿಸ್ ದಿನದವರೆಗೆ ನೆನಪಿಗೆ ಬರುವುದಿಲ್ಲ.

100 ಸಿಸಿ ಬೈಕಿನಲ್ಲಿ ಇರುವುದು ಹೆಚ್ಚುಕಡಿಮೆ ಒಂದೇ ಲೀಟರ್ ಆಯಿಲ್. ಅದರಲ್ಲಿ 200 ಮಿಲಿ ಹೋದರೆ ಐದರಲ್ಲಿ ಒಂದು ಪಾಲು ಹೋದಂತೆ. ಪಿಸ್ಟನ್, ಗೇರ್, ಕ್ಲಚ್ ಪ್ಲೇಟು ಎಲ್ಲಕ್ಕೂ ಇದೇ ಆಯಿಲ್. "ಕಡಿಮೆಯಾದರೆ ಲೈಟ್ ಬರುತ್ತದಲ್ಲ" ಎನ್ನುತ್ತಾರೆ. ಇಂಥ ಹೆಚ್ಚಿನ ಬೈಕುಗಳಲ್ಲಿ ಆಯಿಲ್ ಲೈಟೇ ಇಲ್ಲ. 2020ರ ನಂತರದ ಬಿಎಸ್6 ಗಾಡಿಗಳ ಮೀಟರಿನಲ್ಲಿ ಎಂಜಿನ್ ಚಿತ್ರದ ದೀಪವೊಂದಿದೆ, ಅದು ಸೆನ್ಸರ್, ಇಂಧನ ವ್ಯವಸ್ಥೆಗಳ ದೋಷಕ್ಕೆ. ಆಯಿಲ್ ಎಷ್ಟಿದೆ ಎಂಬುದು ಅದಕ್ಕೆ ತಿಳಿಯದು.

ಹಾಗಾಗಿ ಕಡ್ಡಿ ತೆಗೆದೇ ನೋಡಬೇಕು. ಎಡವಟ್ಟಾಗುವುದೂ ಅಲ್ಲೇ. ಸ್ಪ್ಲೆಂಡರ್‌ನಂಥ ಬೈಕುಗಳಲ್ಲಿ ಆಯಿಲ್ ಕಡ್ಡಿ ಎಂಜಿನ್ನಿನ ಬಲಗಡೆ ಇರುತ್ತದೆ. ಸೈಡ್ ಸ್ಟ್ಯಾಂಡ್ ಹಾಕಿದರೆ ಗಾಡಿ ಎಡಕ್ಕೆ ವಾಲುತ್ತದೆ, ಆಯಿಲೂ ಎಡಕ್ಕೆ ಹರಿಯುತ್ತದೆ. ಕಡ್ಡಿಯ ತುದಿ ಒಣಗಿದಂತೆ ಕಾಣುತ್ತದೆ. ಗಾಬರಿಯಾಗಿ ಇನ್ನಷ್ಟು ಸುರಿಯುತ್ತೇವೆ. ಆಯಿಲ್ ಹೆಚ್ಚಾದರೂ ಒಳ್ಳೆಯದಲ್ಲ: ತಿರುಗುವ ಕ್ರ್ಯಾಂಕ್ ಅದನ್ನು ಕಡೆದು ನೊರೆ ಎಬ್ಬಿಸುತ್ತದೆ, ಉಸಿರಾಟದ ಪೈಪಿನಿಂದ ಏರ್ ಫಿಲ್ಟರ್‌ವರೆಗೂ ಆಯಿಲ್ ಹೋಗಬಹುದು.

ಎರಡನೆಯ ತಪ್ಪು ಇದಕ್ಕಿಂತ ಕೆಟ್ಟದ್ದು. ಈ ಬೈಕುಗಳಲ್ಲಿ ಕಡ್ಡಿಯನ್ನು ಸುಮ್ಮನೆ ಒಳಗಿಟ್ಟು ತೆಗೆಯಬೇಕು, ಮುಚ್ಚಳ ತಿರುಗಿಸಿ ಬಿಗಿ ಮಾಡಬಾರದು. ಬಿಗಿ ಮಾಡಿದರೆ ಕಡ್ಡಿ ಇನ್ನಷ್ಟು ಕೆಳಗಿಳಿದು, ಕಡಿಮೆ ಇದ್ದ ಆಯಿಲನ್ನೂ ಸಾಕಷ್ಟಿದೆ ಎಂದು ತೋರಿಸುತ್ತದೆ. ನಂಬಿ ಓಡಿಸಿದರೆ ಬಿಸಿ ಹೆಚ್ಚಿ ಎಂಜಿನ್ ಹಿಡಿದುಕೊಳ್ಳಬಹುದು. ಆಮೇಲೆ ಬೋರ್ ಕೆಲಸದ ಖರ್ಚು, ಒಂದು ಡಬ್ಬಿ ಆಯಿಲಿನ ಎಷ್ಟೋ ಪಟ್ಟು.

ಸರಿಯಾದ ಕ್ರಮ: ಸಮತಟ್ಟಾದ ಜಾಗದಲ್ಲಿ ಡಬಲ್ ಸ್ಟ್ಯಾಂಡ್ ಹಾಕಿ, ಮೂರರಿಂದ ಐದು ನಿಮಿಷ ಎಂಜಿನ್ ಚಾಲೂ ಇಡಿ. ಆಫ್ ಮಾಡಿ ಎರಡು ಮೂರು ನಿಮಿಷ ಬಿಡಿ, ಮೇಲಿನ ಆಯಿಲ್ ಕೆಳಗಿಳಿಯಲಿ. ಕಡ್ಡಿ ಒರೆಸಿ, ಇಟ್ಟು, ತೆಗೆದು ನೋಡಿ. ಎರಡು ಗುರುತುಗಳ ನಡುವೆ ಇದ್ದರೆ ಸಾಕು. ಗಾಜಿನ ಕಿಂಡಿ ಇರುವ ಬೈಕಾದರೆ ಗಾಡಿ ನೆಟ್ಟಗಿರಲಿ. ಕ್ರಮ ಮಾಡೆಲ್‌ನಿಂದ ಮಾಡೆಲ್‌ಗೆ ಬದಲಾಗುವುದುಂಟು, ಗಾಡಿಯ ಜೊತೆ ಬಂದ ಪುಸ್ತಕವನ್ನು ಒಮ್ಮೆ ತೆರೆಯಿರಿ. (ಹೆಚ್ಚಿನವರ ಮನೆಯಲ್ಲಿ ಅದು ಆರ್‌ಸಿ ಕವರಿನೊಳಗೇ ಇರುತ್ತದೆ.)

ಕಪ್ಪಾದ ಆಯಿಲೆಲ್ಲ ಕೆಟ್ಟದ್ದು ಎಂಬ ಮಾತೂ ಪೂರ್ತಿ ನಿಜವಲ್ಲ. ಎಂಜಿನ್ನಿನ ಮಸಿಯನ್ನು ತನ್ನೊಳಗೆ ಹಿಡಿದಿಡುವುದು ಆಯಿಲಿನ ಕೆಲಸವೇ, ಬಣ್ಣ ಬದಲಾಗುತ್ತದೆ. ಬದಲಿಸುವುದನ್ನು ಕಿಲೋಮೀಟರ್ ನೋಡಿ ತೀರ್ಮಾನಿಸಿ. ಮಲೆನಾಡಿನ ಮಳೆಗಾಲದಲ್ಲಿ ಗಮನಿಸಬೇಕಾದ ಬಣ್ಣ ಬೇರೆ: ಹಾಲು ಬೆರೆಸಿದ ಕಾಫಿಯಂಥದ್ದು. ಅಂದರೆ ಆಯಿಲಿನಲ್ಲಿ ನೀರು ಸೇರಿದೆ. ಊರೊಳಗೇ ಸಣ್ಣಪುಟ್ಟ ಓಡಾಟ ಮಾಡುವ ಗಾಡಿ ಸರಿಯಾಗಿ ಬಿಸಿಯಾಗದೆ, ತೇವ ಮುಚ್ಚಳದ ಒಳಗೆ ತೆಳುವಾಗಿ ಹೀಗೆ ಕಟ್ಟಬಹುದು. ಕಡ್ಡಿಯ ತುಂಬ ಹಾಗಿದ್ದರೆ ಓಡಿಸದೆ ಮೆಕ್ಯಾನಿಕ್‌ಗೆ ತೋರಿಸಿ.

ಟಾಪ್ ಅಪ್‌ಗೆ ಕಾರಿನ ಉಳಿದ ಆಯಿಲ್ ಬೇಡ. ಅದರಲ್ಲಿ ಜಾರಿಕೆ ಹೆಚ್ಚಿಸುವ ರಾಸಾಯನಿಕಗಳಿದ್ದರೆ ಆಯಿಲಿನಲ್ಲೇ ತಿರುಗುವ ಬೈಕಿನ ಕ್ಲಚ್ ಜಾರುತ್ತದೆ. ಡಬ್ಬಿಯ ಮೇಲೆ 'ಜಾಸೊ ಎಂಎ' ಅಥವಾ 'ಎಂಎ2' ಎಂದಿರುವ, ಪುಸ್ತಕ ಹೇಳಿದ ಗ್ರೇಡಿನ ಆಯಿಲನ್ನೇ ಸ್ವಲ್ಪ ಸ್ವಲ್ಪ ಹಾಕಿ, ಪ್ರತಿ ಬಾರಿ ಕಡ್ಡಿ ನೋಡಿ. ಸೋರಿಕೆ ಕಾಣದಿದ್ದರೂ ಪದೇ ಪದೇ ಆಯಿಲ್ ಇಳಿಯುತ್ತಿದ್ದರೆ, ಜೊತೆಗೆ ಸೈಲೆನ್ಸರ್‌ನಲ್ಲಿ ನೀಲಿ ಹೊಗೆ ಬಂದರೆ, ಪಿಸ್ಟನ್ ರಿಂಗ್ ಸವೆದು ಆಯಿಲ್ ಒಳಗೇ ಉರಿಯುತ್ತಿರಬಹುದು.