ದೀಪದ ಲೆಕ್ಕ ಕೇಳುವವರಿಗೆ

ಡಿಸೆಂಬರ್ ಬಂತೆಂದರೆ ಮಂಗಳೂರಿನ ನಮ್ಮ ಮನೆಗೆ ದೀಪದ ಸರಕ್ಕಿಂತ ಮೊದಲು ಉಪದೇಶ ಬರುತ್ತದೆ: "ಟೀಚರೇ, ಈ ವಯಸ್ಸಿನಲ್ಲಿ ಏಣಿ ಹತ್ತುವುದೇಕೆ? ಕರೆಂಟು ದಂಡವಲ್ಲವೇ?"

ಲೆಕ್ಕ ಬೇಕೆನ್ನುವವರಿಗೆ ಲೆಕ್ಕವನ್ನೇ ಕೊಡುತ್ತೇನೆ. 5 ವಾಟ್‌ನ ನಾಲ್ಕು ಎಲ್‌ಇಡಿ ಸರಗಳು ದಿನಕ್ಕೆ 5 ಗಂಟೆಯಂತೆ 10 ದಿನ ಉರಿದರೆ ಖರ್ಚು 1 ಯೂನಿಟ್. 2,000 ವಾಟ್‌ನ ಗೀಸರ್ ಅಷ್ಟನ್ನು ಅರ್ಧ ಗಂಟೆಯಲ್ಲಿ ನುಂಗುತ್ತದೆ. ಊರಿನ ಗಂಡಸರು ಹೊನಲು ಬೆಳಕಿನ ಕಬಡ್ಡಿ ಪಂದ್ಯ ನಡೆಸಿದಾಗ ಮೀಟರ್ ನೋಡುವವರು ಯಾರಿದ್ದಾರೆ? ಅದು ಕ್ರೀಡಾಪ್ರೇಮ; ನನ್ನದು ಹುಚ್ಚು!

1882ರಲ್ಲಿ ನ್ಯೂಯಾರ್ಕಿನಲ್ಲಿ ಎಡಿಸನ್‌ನ ಸಹೋದ್ಯೋಗಿ ಎಡ್ವರ್ಡ್ ಜಾನ್ಸನ್ ತನ್ನ ಮನೆಯ ಕ್ರಿಸ್‌ಮಸ್ ಮರಕ್ಕೆ 80 ಬಣ್ಣದ ಬಲ್ಬುಗಳನ್ನು ಸುತ್ತಿದ. ಚರಿತ್ರೆಯಲ್ಲಿ ಅವನ ಹೆಸರು ಉಳಿಯಿತು. ಬಿದಿರು ಸೀಳಿ, ಬಣ್ಣದ ಕಾಗದ ಅಂಟಿಸಿ ನಕ್ಷತ್ರ ಕಟ್ಟಿದ, ಗೋದಲಿಗೆ ಹುಲ್ಲು ಹಾಸಿ ದೀಪವಿಟ್ಟ ನಮ್ಮ ಅಮ್ಮಂದಿರ ಹೆಸರು ಎಲ್ಲಿದೆ?

ಹಳೆಯ ಸೀರಿಯಲ್ ಸೆಟ್ಟಿನಲ್ಲಿ ಒಂದು ಬಲ್ಬು ಹೋದರೆ ಇಡೀ ಸಾಲೇ ಕತ್ತಲು. ಒಂದೊಂದನ್ನೇ ಬದಲಿಸಿ ನೋಡಿ, ಕೆಟ್ಟದ್ದನ್ನು ಹುಡುಕುವ ತಾಳ್ಮೆಯನ್ನು ಚಿಕ್ಕಂದಿನಲ್ಲೇ ಕಲಿತೆ. ಬಿ.ಇಡಿ. ತರಗತಿಯಲ್ಲಿ ಅದನ್ನು ಯಾರೂ ಕಲಿಸಲಿಲ್ಲ.

ಹೆಣ್ಣು ಕಸೂತಿ ಹಾಕಿದರೆ ಉಪಯೋಗ, ಹಪ್ಪಳ ಮಾಡಿದರೆ ಉಳಿತಾಯ. ಬರೀ ಸಂತೋಷಕ್ಕೆಂದು ಏನಾದರೂ ಮಾಡಿದರೆ ಮಾತ್ರ ಊರಿಗೆಲ್ಲ ಜವಾಬು ಹೇಳಬೇಕೆ? ಸೋದರಿಯರೇ, ನಿಮ್ಮ ಹವ್ಯಾಸ ರಂಗೋಲಿಯಿರಲಿ, ದೀಪಾವಳಿಯ ಗೂಡುದೀಪವಿರಲಿ, ಕ್ರಿಸ್‌ಮಸ್ ನಕ್ಷತ್ರವಿರಲಿ, ಅದಕ್ಕೆ ಯಾರ ಅಪ್ಪಣೆಯನ್ನೂ ಕೇಳಬೇಡಿ. ತಿಂಗಳು ತಿಂಗಳು ಕರೆಂಟು ಬಿಲ್ ಕಟ್ಟುವ ಕೈಗೆ ಸ್ವಿಚ್ ಹಾಕುವ ಅಧಿಕಾರವೂ ಇದೆ.