ಮೇಳವನ್ನು ನಡೆಯಿಸುವ ವಿದ್ಯೆ

ಕಳೆದ ತಿಂಗಳು ನಮ್ಮ ಶಿರೋಳದ ಗೃಹಸ್ಥರೊಬ್ಬರು ಒಂದು ಸಂದೇಹವನ್ನು ಹೊತ್ತು ನಮ್ಮಲ್ಲಿಗೆ ಬಂದರು. ಅವರ ಮಗಳು ಪದವಿಪೂರ್ವ ಪರೀಕ್ಷೆಯಲ್ಲಿ ತೇರ್ಗಡೆಯಾಗಿರುವಳು. ಧಾರವಾಡಕ್ಕೆ ಹೋಗಿ ಸಂಗೀತದಲ್ಲಿಯೇ ಪದವಿಯನ್ನು ಪಡೆಯುವೆನೆಂದು ಹಟ ಹಿಡಿದಿರುವಳು. “ಹಾಡಬೇಡವೆಂದು ನಾನು ಹೇಳಲಾರೆ, ನಮ್ಮ ಮನೆಯಲ್ಲಿ ಭಜನೆಯುಂಟು. ಆದರೆ ಹಾಡಿಗೂ ವಿಶ್ವವಿದ್ಯಾಲಯವು ಬೇಕೆ? ಅಷ್ಟು ವರ್ಷ ಕಲಿತು ಬಂದವಳು ಮುಂದೆ ಮಾಡುವದೇನು?” ಎಂದು ಅವರು ಕೇಳಿದರು. ಈ ಸಂದೇಹವು ಅವರೊಬ್ಬರದೇ ಅಲ್ಲವಾದುದರಿಂದ ಉತ್ತರವನ್ನು ಈ ಪುಟದಲ್ಲಿಯೇ ಬರೆಯುವೆವು.

ಸಂಗೀತಕ್ಕಾಗಿ ಮನೆ ಬಿಡುವದು ನಮ್ಮ ಸೀಮೆಗೆ ಹೊಸದಲ್ಲ. ನೆರೆಯ ರೋಣದಲ್ಲಿ 1922ರಲ್ಲಿ ಹುಟ್ಟಿದ ಭೀಮಸೇನ ಜೋಶಿಯವರು ಹನ್ನೊಂದು ವರ್ಷದ ಬಾಲಕರಿರುವಾಗಲೇ, 1933ರಲ್ಲಿ, ಗುರುವನ್ನು ಅರಸುತ್ತ ಮನೆಯಿಂದ ಹೊರಟುಹೋದರು. ಉತ್ತರದಲ್ಲಿ ಜಲಂಧರದವರೆಗೆ ಅಲೆದು ಬಂದ ಅವರಿಗೆ ಕಡೆಗೆ ಗುರುಗಳು ದೊರೆತದ್ದು ನಮ್ಮ ಕುಂದಗೋಳದ ಸವಾಯಿ ಗಂಧರ್ವರ ರೂಪದಲ್ಲಿ! ಇಂದಿನ ಮಕ್ಕಳಿಗೆ ಅಷ್ಟು ಕಷ್ಟವಿಲ್ಲ. ಮಲ್ಲಿಕಾರ್ಜುನ ಮನ್ಸೂರರು (1910–1992) ನೀಲಕಂಠಬುವಾ, ಮಂಜೀಖಾನ, ಭುರ್ಜೀಖಾನರಂಥ ಗುರುಗಳಲ್ಲಿ ಕಲಿತ ವಿದ್ಯೆಯನ್ನು ತಂದು, 1949ರಲ್ಲಿ ಸ್ಥಾಪಿತವಾದ ಕರ್ನಾಟಕ ವಿಶ್ವವಿದ್ಯಾಲಯದ ಸಂಗೀತ ಶಿಕ್ಷಣವನ್ನು ನಡೆಯಿಸಿದರು. ಗಂಗೂಬಾಯಿ ಹಾನಗಲ್ಲರು (1913–2009) ಅಲ್ಲಿ ಗೌರವ ಪ್ರಾಧ್ಯಾಪಕರಾಗಿದ್ದರು. ಅವರ ಹೆಸರಿನಲ್ಲಿಯೇ, 2009ರ ಕಾಯಿದೆಯ ಮೇರೆಗೆ, ಮೈಸೂರಿನಲ್ಲಿ ಸಂಗೀತಕ್ಕೂ ಪ್ರದರ್ಶಕ ಕಲೆಗಳಿಗೂ ಮೀಸಲಾದ ವಿಶ್ವವಿದ್ಯಾಲಯವೊಂದುಂಟು. ಆದುದರಿಂದ ವಿಶ್ವವಿದ್ಯಾಲಯವು ಗುರುವನ್ನು ಹೊರಗಟ್ಟಿತೆನ್ನುವದು ಸರಿಯಲ್ಲ. ನಮ್ಮಲ್ಲಿ ಗುರುಗಳೇ ಅದರೊಳಗೆ ಹೋಗಿ ಕುಳಿತರು.

ಆದರೂ ಪದವಿಯೊಂದರಿಂದಲೇ ಯಾರೂ ಗಾಯಕರಾಗರು. ರಾಗವು ಪರೀಕ್ಷೆಯ ತಾರೀಖನ್ನು ನೋಡಿಕೊಂಡು ಒಲಿಯುವದಿಲ್ಲ. ಬೆಳಗಿನ ಸಾಧನೆ, ತಂಬೂರಿಯ ಸಹವಾಸ, ಗುರುವಿನ ತಿದ್ದುಪಡಿ, ಇವಿಲ್ಲದೆ ಪ್ರಮಾಣಪತ್ರವು ಬರಿಯ ಕಾಗದ. ವಿಶ್ವವಿದ್ಯಾಲಯವು ಕೊಡಬಲ್ಲುದು ಬೇರೆ: ಅನೇಕ ಶಿಕ್ಷಕರ ಮಾರ್ಗಗಳನ್ನು ಕೇಳುವ ಅವಕಾಶ, ಶಾಸ್ತ್ರದ ತಿಳಿವು, ಸಭೆಯ ಮುಂದೆ ಕುಳಿತು ಹಾಡುವ ಧೈರ್ಯ, ಮತ್ತು ತನ್ನಂತೆಯೇ ಹಾಡುವ ಹತ್ತು ಜನ ಸಹಪಾಠಿಗಳು. ಈ ಕಡೆಯದನ್ನು ನಾವು ಸಾಮಾನ್ಯವಾಗಿ ಲೆಕ್ಕಕ್ಕೆ ಹಿಡಿಯುವದಿಲ್ಲ. ಹತ್ತು ಜನರೊಡನೆ ಕೂಡಿ ಹಾಡುವದು, ಅವರ ಮುಂದೆ ನಿಂತು ಹಾಡಿಸುವದು, ಇದು ಒಬ್ಬಂಟಿಯಾಗಿ ಹಾಡುವದಕ್ಕಿಂತ ಬೇರೆಯಾದ ವಿದ್ಯೆ. ಊರಿಗೆ ಬೇಕಾದದ್ದೂ ಇದೇ.

ಉದಾಹರಣೆಗೆ ನಮ್ಮ ನಾಡಗೀತೆಯನ್ನು ನೋಡಿರಿ. ಕುವೆಂಪು ಅವರ ಈ ಗೀತವು 2004ರಲ್ಲಿ ನಾಡಗೀತೆಯಾಯಿತು; ಮೈಸೂರು ಅನಂತಸ್ವಾಮಿಯವರ ಧಾಟಿಯಲ್ಲಿ ಎರಡೂವರೆ ನಿಮಿಷಗಳಲ್ಲಿ ಹಾಡತಕ್ಕದ್ದೆಂದು ಸರಕಾರವು 2022ರಲ್ಲಿ ಗೊತ್ತುಪಡಿಸಿತು. ಧಾಟಿಯೂ ಕಾಲವೂ ಗೊತ್ತಾದರೆ ಮೇಳವು ತಾನಾಗಿ ಕೂಡುವದೆ? ನಾವು ಕಂಡ ಒಂದು ಸಮಾರಂಭದಲ್ಲಿ ಮುಂದಾಳು ತನ್ನ ಕಂಠಕ್ಕೆ ಹಿತವಾದ ಶ್ರುತಿಯಲ್ಲಿ ಆರಂಭಿಸಿದನು. ಕೆಳಗಿನ ಸ್ವರಗಳಲ್ಲಿ ಮಕ್ಕಳ ದನಿ ಗಂಟಲಲ್ಲಿಯೇ ಉಡುಗಿತು. ಮೇಲಕ್ಕೆ ಹಾರಿದವರು ಕಿರಿಚಿದರು. ಹಿಂದಿನ ಸಾಲಿನವರು ಅರ್ಧ ಚರಣದಷ್ಟು ಹಿಂದುಳಿದರು. ಧ್ವನಿವರ್ಧಕದ ಮುಂದೆ ನಿಂತವನಿಗೆ ತನ್ನ ದನಿಯ ಹೊರತು ಬೇರೊಂದು ಕೇಳಿಸಲೇ ಇಲ್ಲ. ಅವನು ಒಳ್ಳೆಯ ಹಾಡುಗಾರನೇ ಸರಿ, ಹಾಡಿಸುವವನಲ್ಲ.

ಗಂಡಸರ ಶ್ರುತಿಯು ಸಾಮಾನ್ಯವಾಗಿ ಹಾರ್ಮೋನಿಯಮ್ಮಿನ ಕರಿ ಒಂದರ ಸುತ್ತ, ಹೆಂಗಸರದು ಕರಿ ನಾಲ್ಕು ಐದರ ಸುತ್ತ ಇರುವದು. ಎಲ್ಲರಿಗೂ ನಿಲುಕುವ ನಡುವಿನ ಸ್ಥಾನವನ್ನು ಹುಡುಕುವದು ಮುಂದಾಳಿನ ಮೊದಲ ಕೆಲಸ. ಹಾಡುವ ಮೊದಲು ಎಲ್ಲರಿಂದ ಒಮ್ಮೆಲೆ ಉಸಿರೆಳೆಯಿಸುವದು ಎರಡನೆಯದು. ದೀರ್ಘಾಕ್ಷರಗಳನ್ನು ಎಲ್ಲರೂ ಒಂದೇ ಬಾಯಿದೆರೆತದಿಂದ ನುಡಿದು ಒಂದೇ ಕ್ಷಣಕ್ಕೆ ಮುಗಿಸುವಂತೆ ನೋಡಿಕೊಳ್ಳುವದು ಮೂರನೆಯದು. ದೊಡ್ಡ ಕಂಠವನ್ನು ತಗ್ಗಿಸಿ ಅಂಜುವ ಕಂಠಕ್ಕೆ ಇಂಬು ಕೊಡುವದು ನಾಲ್ಕನೆಯದು. ಇದೇ ಎಲ್ಲಕ್ಕೂ ಕಠಿಣವಾದುದು. ಪಾಶ್ಚಾತ್ಯರ ಮೇಳಗಳಲ್ಲಿ ಸ್ತ್ರೀಯರ ಎರಡು, ಪುರುಷರ ಎರಡು, ಹೀಗೆ ಸಾಮಾನ್ಯವಾಗಿ ನಾಲ್ಕು ಪಂಗಡದ ಕಂಠಗಳು ಬೇರೆ ಬೇರೆ ಸ್ವರಪಂಕ್ತಿಗಳನ್ನು ಏಕಕಾಲಕ್ಕೆ ಹಾಡುವವು. ನಿರ್ದೇಶಕನು ತಾನು ಹಾಡದೆ, ಬಲಗೈಯಿಂದ ಲಯವನ್ನೂ ಎಡಗೈಯಿಂದ ದನಿಯ ಏರಿಳಿತವನ್ನೂ ತೋರಿಸುವನು. ನಮ್ಮ ಮೇಳದಲ್ಲಿ ಎಲ್ಲರದೂ ಒಂದೇ ಪಂಕ್ತಿ. ಆದುದರಿಂದ ನಮ್ಮದು ಸುಲಭವೆಂದು ತಿಳಿಯಬಾರದು. ಒಂದೇ ಗೆರೆಯ ಮೇಲೆ ನಡೆಯುವಾಗ ಒಬ್ಬನ ಹೆಜ್ಜೆ ತಪ್ಪಿದರೂ ಎಲ್ಲರಿಗೆ ಕಾಣುವದು.

ಕೈಸನ್ನೆಯೇ ಈ ವಿದ್ಯೆಯ ಸರ್ವಸ್ವವೂ ಅಲ್ಲ. ಗದುಗಿನ ವೀರೇಶ್ವರ ಪುಣ್ಯಾಶ್ರಮವನ್ನು ಬೆಳೆಯಿಸಿದ ಪಂಚಾಕ್ಷರಿ ಗವಾಯಿಗಳೂ (1892–1944), ಅವರ ಶಿಷ್ಯರಾದ ಪುಟ್ಟರಾಜ ಗವಾಯಿಗಳೂ (1914–2010) ದೃಷ್ಟಿಹೀನರು. ಅಂಧ ಬಾಲಕರಿಗೆ ಅನ್ನವಿಟ್ಟು ವಿದ್ಯೆಯನ್ನು ಕೊಟ್ಟರು. ಕಣ್ಣಿಲ್ಲದವರು ಕೂಡಿ ಹಾಡುವಲ್ಲಿ ಯಾರ ಕೈಯೂ ಯಾರಿಗೂ ಕಾಣದು. ನೆರೆಯವನ ಉಸಿರೇ ಸನ್ನೆ, ಕಿವಿಯೇ ನಾಯಕ. ಮೇಳವನ್ನು ನಡೆಯಿಸುವವನು ಮೊದಲು ಕೇಳಬಲ್ಲವನಾಗಿರಬೇಕೆಂಬುದಕ್ಕೆ ಬೇರೆ ಪ್ರಮಾಣವೇಕೆ?

ಇದನ್ನೆಲ್ಲ ಹೇಳಿ, ಆ ಗೃಹಸ್ಥರಿಗೆ ಮೂರು ಸಂಗತಿಗಳನ್ನು ಪರೀಕ್ಷಿಸಲು ಸೂಚಿಸಿದೆವು. ಯಾರೂ ಹೇಳದೆ ಮಗಳು ದಿನವೂ ಸಾಧನೆಗೆ ಕುಳ್ಳಿರುವಳೆ? ತಪ್ಪನ್ನು ತೋರಿಸಿದಾಗ ಮುನಿಯದೆ ತಿದ್ದಿಕೊಳ್ಳುವಳೆ? ಇನ್ನೊಬ್ಬರು ಹಾಡುವಾಗ ಸುಮ್ಮನಿದ್ದು ಕೇಳುವಳೆ?

ಎಂಟು ದಿನಗಳ ಮೇಲೆ ಅವರು ಮರಳಿ ಬಂದರು. ಸೋಮವಾರದ ಭಜನೆಯನ್ನು ಮಗಳ ಕೈಗೆ ಒಪ್ಪಿಸಿದ್ದರಂತೆ. ಅವಳು ತನ್ನ ಶ್ರುತಿಯಲ್ಲಿ ಆರಂಭಿಸಿ, ಎರಡು ಸಾಲಾದ ಮೇಲೆ ನಿಲ್ಲಿಸಿ, ಹಾರ್ಮೋನಿಯಮ್ಮಿನ ಮನೆಯನ್ನು ಕೆಳಗಿಳಿಸಿ ಪುನಃ ಎತ್ತಿಕೊಂಡಳಂತೆ. “ಏಕೆ?” ಎಂದು ತಂದೆಯು ಕೇಳಲು, “ಅಜ್ಜಿಯ ದನಿ ಕೇಳಿಸಲಿಲ್ಲ” ಎಂದಳಂತೆ. ಬಹುದಿನಗಳಿಂದ ಭಜನೆಯಲ್ಲಿ ತುಟಿಯನ್ನಷ್ಟೇ ಅಲುಗಿಸುತ್ತಿದ್ದ ಆ ಮುದುಕಿಯು ಅಂದು ಮಂಗಳದವರೆಗೂ ಹಾಡಿದಳು.

ಅರ್ಜಿಯನ್ನು ತುಂಬುವದು ಹೇಗೆಂದು ಕೇಳಲಿಕ್ಕೆ ಅವರು ಈ ಸಲ ಬಂದಿದ್ದರು.